ಮನೆಮಂದಿಯೆಲ್ಲ ಸೇರಿ ತ್ರೀಡಿ ಪ್ರಿಂಟರ್ ಕಟ್ಟುವ ಕಾರ್ಯಾಗಾರಕ್ಕೆ ಪ್ರೂಸಾ ಎಂಕೆ3ಎಸ್ ಪ್ಲಸ್ ಕಿಟ್ ಹೇಗಿದೆ?

ಪ್ರೂಸಾ ಎಂಕೆ3ಎಸ್ ಪ್ಲಸ್ ಕಿಟ್ ಬಗ್ಗೆ ವಿಮರ್ಶೆಗಳಿಗೇನೂ ಬರವಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಒಬ್ಬರೇ ಕೂತು, ಬಿಡುವಾದಾಗ ಒಂದಿಷ್ಟು, ಮತ್ತೆ ಒಂದಿಷ್ಟು ಎಂದು ಕಟ್ಟುವವರಿಗಾಗಿ ಬರೆದವು. ಒಂದು ಹಾಲ್, ಆರೆಂಟು ಮೇಜು, ಮೇಜಿಗೊಂದು ಕುಟುಂಬ, ಎಲ್ಲರ ಮುಂದೆಯೂ ಒಡೆಯದ ಪೆಟ್ಟಿಗೆ. ಇಂಥ ಕಡೆ ಈ ಕಿಟ್ ಒಗ್ಗುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಉತ್ತರವನ್ನು ಮೊದಲೇ ಹೇಳಿಬಿಡುವುದು ವಾಸಿ: ಒಗ್ಗುತ್ತದೆ, ಎರಡು ದಿನ ಕೊಟ್ಟರೆ ಮಾತ್ರ. ಒಂದೇ ದಿನಕ್ಕೆ ತುರುಕಿದರೆ ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ ಸುರಿಯುವ ಎಕ್ಸ್‌ಟ್ರೂಡರ್ ಎಂಬ ಭಾಗ ಜೋಡಿಸುವ ಹೊತ್ತಿಗೆ ಮಕ್ಕಳೆಲ್ಲ ಹೊರಗೆ ಆಡುತ್ತಿರುತ್ತಾರೆ, ದೊಡ್ಡವರು ಒಳಗೆ ತಲೆ ಕೆರೆದುಕೊಳ್ಳುತ್ತಿರುತ್ತಾರೆ. ಕಿಟ್‌ನ ಗುಣಕ್ಕಿಂತ ಸಮಯದ ಹಂಚಿಕೆಯೇ ಇಲ್ಲಿ ಗೆಲುವು ಸೋಲು ನಿರ್ಧರಿಸುತ್ತದೆ.

ಮೊದಲು ಯಂತ್ರದ ಪರಿಚಯ. ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದಲ್ಲಿ ಏಡ್ರಿಯನ್ ಬೋಯರ್ 2005ರಲ್ಲಿ ಶುರು ಮಾಡಿದ ರೆಪ್‌ರ‍್ಯಾಪ್ ಯೋಜನೆಯ ವಂಶದ್ದು ಇದು. ಪ್ರಿಂಟರೇ ಇನ್ನೊಂದು ಪ್ರಿಂಟರಿನ ಬಿಡಿಭಾಗಗಳನ್ನು ಅಚ್ಚು ಹಾಕಬೇಕು ಎಂಬುದು ಆ ಯೋಜನೆಯ ಆಸೆ. ಪ್ರಾಗ್‌ನ ಜೋಸೆಫ್ ಪ್ರೂಸಾ ಅದನ್ನು ಸರಳಗೊಳಿಸುತ್ತ ಬಂದು 2012ರಲ್ಲಿ ಐ3 ವಿನ್ಯಾಸ ಹೊರತಂದರು. ಅದರ ಮೇಲೆಯೇ ಬೆಳೆದ ಎಂಕೆ3 ಬಂದದ್ದು 2017ರಲ್ಲಿ, ಎಂಕೆ3ಎಸ್ 2019ರಲ್ಲಿ, ಪ್ಲಸ್ 2020ರಲ್ಲಿ. ಅಚ್ಚಿನ ಜಾಗ 250×210×210 ಮಿ.ಮೀ. ಫ್ರೇಮ್ ಅಲ್ಯೂಮಿನಿಯಂ, ಜಾರುವ ಕಂಬಿಗಳು 8 ಮಿ.ಮೀ. ನುಣುಪು ಉಕ್ಕು, ವಿದ್ಯುತ್ 24 ವೋಲ್ಟ್, ಕರಗಿದ ಪ್ಲಾಸ್ಟಿಕ್ ಹೊರಬರುವ ಮೂತಿ, ಅಂದರೆ ನಾಜಲ್, 0.4 ಮಿ.ಮೀ. ಕಿತ್ತಳೆ ಮತ್ತು ಕಪ್ಪು ಬಣ್ಣದ ಪ್ಲಾಸ್ಟಿಕ್ ಭಾಗಗಳೆಲ್ಲ ಇಂಥವೇ ಪ್ರಿಂಟರುಗಳಲ್ಲಿ ಪಿಇಟಿಜಿ ಎಂಬ ಪ್ಲಾಸ್ಟಿಕ್ಕಿನಿಂದ ಅಚ್ಚಾದವು. ಈ ಒಂದು ಸಂಗತಿಯನ್ನು ಕಾರ್ಯಾಗಾರದ ಮೊದಲ ಹತ್ತು ನಿಮಿಷದಲ್ಲೇ ಹೇಳಬೇಕು. ಕೈಯಲ್ಲಿ ಹಿಡಿದ ತುಂಡಿನ ಮೇಲೆ ಪದರದ ಗೆರೆಗಳು ಕಾಣುತ್ತವೆ. ನಾಳೆ ನೀವು ಕಟ್ಟಿದ ಯಂತ್ರವೂ ಇದನ್ನೇ ಮಾಡುತ್ತದೆ ಎಂದರೆ ಮಕ್ಕಳಿಗೆ ಮುಂದಿನ ವಿವರಣೆಯೇ ಬೇಡ.

ಆಮೇಲೆ ಹೊಸ ಮಾದರಿಗಳು ಬಂದಿವೆ. ಎಂಕೆ4 ಮತ್ತು ಎಂಕೆ4ಎಸ್ ಕಿಟ್‌ಗಳಲ್ಲಿ ನಾಜಲ್ಲೇ ಬೆಡ್ಡನ್ನು, ಅಂದರೆ ಅಚ್ಚು ಕೂರುವ ಬಿಸಿ ಹಲಗೆಯನ್ನು, ಮುಟ್ಟಿ ಎತ್ತರ ಅಳೆಯುತ್ತದೆ, ಹಾಗಾಗಿ ಮೊದಲ ಪದರದ ತಕರಾರು ಬಹುತೇಕ ಇಲ್ಲ. ಎಲ್ಲ ಕುಟುಂಬಗಳೂ ಓಡುವ ಪ್ರಿಂಟರ್ ಹಿಡಿದೇ ಮನೆಗೆ ಹೋಗಬೇಕು ಎನ್ನುವುದೇ ಗುರಿಯಾದರೆ ಅದನ್ನೇ ಆರಿಸಿ. ಎಂಕೆ3ಎಸ್ ಪ್ಲಸ್ ಕಟ್ಟುವಾಗ ಪ್ರತಿಯೊಂದು ಹೊಂದಾಣಿಕೆಯೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಕಲಿಸುವ ದೃಷ್ಟಿಯಿಂದ ಹಳೆಯದೇ ಮೇಲು ಎಂಬುದು ನಮ್ಮ ಅಭಿಪ್ರಾಯ.

ಇನ್ನು ಎಂಡರ್-3 ಬಗೆಯ ಕಿಟ್‌ಗಳು. ಅವುಗಳಲ್ಲಿ ಕೆಳಭಾಗ ಪೂರ್ತಿ ಜೋಡಿಸಿಯೇ ಬರುತ್ತದೆ. ಕಂಬ ನಿಲ್ಲಿಸಿ, ಅಡ್ಡಪಟ್ಟಿ ಕೂರಿಸಿ, ಬೆಲ್ಟ್ ಎಳೆದು, ಕನೆಕ್ಟರ್ ಚುಚ್ಚಿದರೆ ಮುಗಿಯಿತು. ಎರಡು ಗಂಟೆಯ ಕೆಲಸ. ಒಂದು ಮಧ್ಯಾಹ್ನವಷ್ಟೇ ಸಿಕ್ಕಿದೆ ಎಂದಾದರೆ ಅದೇ ಸರಿ. ಆದರೆ ಎರಡು ಎಚ್ಚರಿಕೆ. ವಿದ್ಯುತ್ ಪೆಟ್ಟಿಗೆಯ ಪಕ್ಕದಲ್ಲಿ 115 ಮತ್ತು 230 ವೋಲ್ಟ್ ನಡುವೆ ಬದಲಿಸುವ ಪುಟ್ಟ ಸ್ವಿಚ್ ಇರುತ್ತದೆ. ನಿಮ್ಮಲ್ಲಿನ ವೋಲ್ಟೇಜಿಗೆ ಅದು ಸರಿಯಾಗಿದೆಯೇ ಎಂದು ಕುಟುಂಬಗಳು ಬರುವ ಮೊದಲೇ ನೋಡಿ, ಮೇಲೆ ಟೇಪ್ ಅಂಟಿಸಿಬಿಡಿ. ಎರಡನೆಯದು, ಆ ಮಾದರಿಯ ಮೊದಮೊದಲ ಪ್ರಿಂಟರುಗಳ ಫರ್ಮ್‌ವೇರ್‌ನಲ್ಲಿ, ಅಂದರೆ ಒಳಗೇ ಕೂತು ಯಂತ್ರ ನಡೆಸುವ ತಂತ್ರಾಂಶದಲ್ಲಿ, ಶಾಖ ಅಂಕೆ ಮೀರಿದರೆ ತಾನಾಗಿ ನಿಲ್ಲಿಸುವ ರಕ್ಷಣೆ ಇರಲಿಲ್ಲ. ಹಳೆಯ ದಾಸ್ತಾನು ಕೈಗೆ ಬಂದಿದ್ದರೆ ಫರ್ಮ್‌ವೇರ್ ಬದಲಿಸದೆ ಅದನ್ನು ಮಕ್ಕಳ ಮುಂದೆ ಇಡಬಾರದು.

ಎಂಕೆ3ಎಸ್ ಪ್ಲಸ್‌ನ ಪೆಟ್ಟಿಗೆ ಒಡೆದಾಗ ಕಾರ್ಯಾಗಾರ ನಡೆಸುವವರಿಗೆ ಮೊದಲು ಖುಷಿ ಕೊಡುವುದು ಚೀಲಗಳ ವ್ಯವಸ್ಥೆ. ಪ್ರತಿ ಭಾಗದ ಸ್ಕ್ರೂ ನಟ್ಟುಗಳು ಬೇರೆ ಬೇರೆ ಚೀಲದಲ್ಲಿ, ಮೇಲೆ ಹೆಸರು ಬರೆದು ಬರುತ್ತವೆ. ಜೊತೆಗೆ ಎಲ್ಲ ಸ್ಕ್ರೂಗಳ ಚಿತ್ರವನ್ನು ನಿಜ ಅಳತೆಯಲ್ಲೇ ಅಚ್ಚು ಹಾಕಿದ ಒಂದು ಹಾಳೆ. ಕೈಯಲ್ಲಿರುವ ಸ್ಕ್ರೂವನ್ನು ಆ ಚಿತ್ರದ ಮೇಲಿಟ್ಟರೆ ಅದು ಎಂ3×10 (3 ಮಿ.ಮೀ. ದಪ್ಪ, 10 ಮಿ.ಮೀ. ಉದ್ದ) ಹೌದೋ ಎಂ3×18 ಹೌದೋ ಗೊತ್ತಾಗಿಬಿಡುತ್ತದೆ. ಎಂಟು ವರ್ಷದ ಮಗುವೂ ಮಾಡಬಲ್ಲ ಕೆಲಸ, ಮತ್ತು ತುಂಬ ಬೇಕಾದ ಕೆಲಸ. ಹೆಚ್ಚುವರಿ ಪ್ರತಿ ಬೇಕೆಂದು ನೀವೇ ಮುದ್ರಿಸಿಕೊಳ್ಳುವುದಾದರೆ ಕಾಗದದ ಅಳತೆಗೆ ಹೊಂದಿಸುವ ಆಯ್ಕೆ ತೆಗೆದು, ನೂರಕ್ಕೆ ನೂರು ಅಳತೆಯಲ್ಲೇ ಮುದ್ರಿಸಿ. ಇಲ್ಲವಾದರೆ ಎಲ್ಲ ಸ್ಕ್ರೂಗಳೂ ಒಂದು ಸೈಜು ತಪ್ಪಿ, ಇಡೀ ಹಾಲ್ ಗೊಂದಲಕ್ಕೆ ಬೀಳುತ್ತದೆ.

ಕೈಪಿಡಿಯೇ ಈ ಕಿಟ್‌ನ ಜೀವ. ಪ್ರತಿ ಹೆಜ್ಜೆಗೂ ದೊಡ್ಡ ಫೋಟೋ, ಆ ಹೆಜ್ಜೆಗೆ ಬೇಕಾದ ಸಾಮಾನಿನ ಎಣಿಕೆ, ತಪ್ಪಾಗುವ ಕಡೆ ಎಚ್ಚರಿಕೆ. ಆನ್‌ಲೈನ್ ಆವೃತ್ತಿಯಲ್ಲಿ ಪ್ರತಿ ಹೆಜ್ಜೆಯ ಕೆಳಗೆ ಕಟ್ಟಿದವರ ಟಿಪ್ಪಣಿಗಳೂ ಇವೆ, ಅವು ಎಷ್ಟೋ ಸಲ ಮೂಲ ಪಠ್ಯಕ್ಕಿಂತ ಉಪಯುಕ್ತ. ಮೇಜಿಗೊಂದು ಲ್ಯಾಪ್‌ಟಾಪ್ ಅಥವಾ ಟ್ಯಾಬ್ ಇಟ್ಟು, ಪುಸ್ತಕವನ್ನೂ ಬಿಚ್ಚಿಡಿ. ಇಂಟರ್‌ನೆಟ್ ನಂಬಿ ಕೂರಬೇಡಿ, ಪಿಡಿಎಫ್ ಮೊದಲೇ ಇಳಿಸಿಕೊಳ್ಳಿ.

ಈ ಕಿಟ್‌ನ ಜೊತೆ ಹರಿಬೋ ಗಮ್ಮಿ ಕರಡಿಗಳ ಪೊಟ್ಟಣ ಬರುವುದು ಪ್ರಸಿದ್ಧ. ಯಾವ ಅಧ್ಯಾಯದಲ್ಲಿ ಎಷ್ಟು ಕರಡಿ ತಿನ್ನಬೇಕು ಎಂದು ಕೈಪಿಡಿಯೇ ಹೇಳುತ್ತದೆ. ತಮಾಷೆ ಎನಿಸಿದರೂ ಕುಟುಂಬಗಳ ಗುಂಪಿನಲ್ಲಿ ಇದು ಬಲು ಚೆನ್ನಾಗಿ ಕೆಲಸ ಮಾಡುತ್ತದೆ. ಎಲ್ಲ ಮೇಜುಗಳೂ ಒಂದೇ ಜಾಗದಲ್ಲಿ ನಿಂತು ಉಸಿರು ಬಿಡಲು ಒಂದು ನೆಪ. ಎರಡು ವಿಷಯ ಗಮನದಲ್ಲಿರಲಿ. ಅದರಲ್ಲಿ ಜೆಲಟಿನ್ ಇದೆ, ತಿನ್ನದವರಿಗೆ ಬೇರೆ ಸಿಹಿ ಇಟ್ಟುಕೊಳ್ಳಿ. ಬೇರಿಂಗ್‌ಗೆ ಗ್ರೀಸ್ ಹಚ್ಚಿದ ಕೈ ತೊಳೆಯದೆ ಪೊಟ್ಟಣಕ್ಕೆ ಹೋಗದಂತೆ ಮೇಜಿಗೊಂದು ಒದ್ದೆ ಬಟ್ಟೆಯೂ ಇರಲಿ.

ಅಲೆನ್ ಕೀಗಳು, ಸ್ಕ್ರೂಡ್ರೈವರ್, ಮೂತಿ ಚೂಪಾದ ಇಕ್ಕಳ ಕಿಟ್‌ನಲ್ಲೇ ಇವೆ. ಆದರೆ ಒಂದು ಸೆಟ್ ಮೂರು ಜನಕ್ಕೆ ಸಾಲದು. ಹೆಚ್ಚಿನ ಕೆಲಸ ನಡೆಯುವುದು ಎಂ3 ಸ್ಕ್ರೂಗಳಿಗೆ ಬೇಕಾದ 2.5 ಮಿ.ಮೀ. ಕೀಯಿಂದ, ಅದನ್ನು ಮೇಜಿಗೆ ಇನ್ನೊಂದು ಸೇರಿಸಿ. ಬೆಲ್ಟ್ ಎಳೆಯುವ ಗಾಲಿಯಾದ ಪುಲ್ಲಿಯ ತಲೆಯಿಲ್ಲದ ಪುಟ್ಟ ಗ್ರಬ್ ಸ್ಕ್ರೂಗೆ 1.5 ಮಿ.ಮೀ. ಬೇಕು, ಅದು ತೆಳ್ಳಗಿರುವುದರಿಂದ ಬಲ ಹಾಕಿದರೆ ಮೂಲೆ ಸವೆಯುತ್ತದೆ, ಇಡೀ ಹಾಲ್‌ಗೆ ಎರಡು ಮೂರು ಒಳ್ಳೆಯ ಗುಣಮಟ್ಟದವು ಬೇರೆಯಾಗಿ ಇರಲಿ. ಇದಲ್ಲದೆ ಜಿಪ್ ಟೈ ಕತ್ತರಿಸುವ ಸೈಡ್ ಕಟರ್, ಅಳತೆಪಟ್ಟಿ, ಅಂಚು ಎತ್ತರವಿರುವ ಟ್ರೇಗಳು, ಒಂದು ಟಾರ್ಚ್. ಮೇಜಿನ ಮೇಲೆ ತಿಳಿ ಬಣ್ಣದ ಬಟ್ಟೆ ಹಾಸಿದರೆ ಬಿದ್ದ ನಟ್ ಪುಟಿಯುವುದಿಲ್ಲ. ಆದರೆ ಫ್ರೇಮ್ ಕೂರಿಸುವಾಗ ಆ ಬಟ್ಟೆ ತೆಗೆಯಲೇಬೇಕು, ಕಾರಣ ಮುಂದೆ ಬರುತ್ತದೆ.

ಈಗ ಎರಡು ದಿನದ ಹಂಚಿಕೆ. ಮೊದಲ ದಿನ ಪರಿಚಯಕ್ಕೆ ಅರ್ಧ ಗಂಟೆ, ವೈ ಅಕ್ಷಕ್ಕೆ (ಬೆಡ್ ಹಿಂದೆ ಮುಂದೆ ಓಡುವ ದಿಕ್ಕು) ಒಂದೂಮುಕ್ಕಾಲು, ಎಕ್ಸ್‌ಗೆ (ನಾಜಲ್ ಎಡಕ್ಕೆ ಬಲಕ್ಕೆ) ಒಂದು, ಝಡ್‌ಗೆ (ಮೇಲೆ ಕೆಳಗೆ) ಮುಕ್ಕಾಲು, ಎಲ್‌ಸಿಡಿ ಪರದೆಗೆ ಅರ್ಧ: ಒಟ್ಟು ನಾಲ್ಕೂವರೆ ಗಂಟೆ. ಎರಡನೇ ದಿನ ಎಕ್ಸ್‌ಟ್ರೂಡರ್‌ಗೆ ಎರಡೂವರೆ, ಬೆಡ್ ಮತ್ತು ವಿದ್ಯುತ್ ಪೆಟ್ಟಿಗೆಗೆ ಮುಕ್ಕಾಲು, ವೈರಿಂಗ್‌ಗೆ ಒಂದೂಕಾಲು, ಕ್ಯಾಲಿಬ್ರೇಶನ್‌ಗೆ (ಯಂತ್ರ ತನ್ನ ಅಳತೆ ಹೊಂದಿಸಿಕೊಳ್ಳುವುದು) ಒಂದು, ಮೊದಲ ಅಚ್ಚಿಗೆ ಅರ್ಧ: ಆರು ಗಂಟೆ, ಊಟ ಬಿಟ್ಟು. ಕೈಪಿಡಿಯಲ್ಲಿ ಎಲ್‌ಸಿಡಿ ಬರುವುದು ಎಕ್ಸ್‌ಟ್ರೂಡರ್ ಆದ ಮೇಲೆ. ಅದನ್ನು ಇಲ್ಲಿ ಮೊದಲ ದಿನಕ್ಕೆ ತಂದದ್ದು ಬೇಕೆಂದೇ. ಕ್ರಮ ಬದಲಿಸಿದರೂ ತೊಂದರೆಯಾಗದ ಅಧ್ಯಾಯ ಅದು, ಮತ್ತು ಮೊದಲ ದಿನ ಮನೆಗೆ ಹೋಗುವ ಮಕ್ಕಳಿಗೆ ಯಂತ್ರಕ್ಕೆ ಮುಖ ಬಂದಂತೆ ಕಾಣುತ್ತದೆ. ಎಕ್ಸ್‌ಟ್ರೂಡರ್ ಮಾತ್ರ ಎರಡನೇ ದಿನದ ಬೆಳಿಗ್ಗೆಯೇ ಆಗಬೇಕು, ಬೇರೆ ಯಾವ ಹೊತ್ತಿಗೂ ಅದನ್ನು ತಳ್ಳಬೇಡಿ.

ಮೂರು ಮೇಜಿಗೊಬ್ಬ ಸಹಾಯಕರು ಬೇಕು, ಮತ್ತು ಅವರು ಈ ಕಿಟ್ಟನ್ನು ಒಮ್ಮೆಯಾದರೂ ತಾವೇ ಕಟ್ಟಿದವರಾಗಿರಬೇಕು. ವೀಡಿಯೊ ನೋಡಿ ಬಂದವರಿಂದ ಉಪಕಾರಕ್ಕಿಂತ ಉಪದ್ರವವೇ ಜಾಸ್ತಿ. ಕುಟುಂಬದೊಳಗೆ ಕೆಲಸವನ್ನು ಮೂರು ಪಾಲು ಮಾಡಿ: ಒಬ್ಬರು ಓದುವುದು, ಒಬ್ಬರು ಸಾಮಾನು ಹುಡುಕಿ ಕೊಡುವುದು, ಒಬ್ಬರು ಜೋಡಿಸುವುದು. ಪ್ರತಿ ಅಧ್ಯಾಯಕ್ಕೂ ಪಾಲು ಬದಲಾಗಬೇಕು. ಹಾಗೆ ಮಾಡದಿದ್ದರೆ ಮೊದಲ ಅರ್ಧ ಗಂಟೆಯಲ್ಲೇ ದೊಡ್ಡವರೊಬ್ಬರು ಅಲೆನ್ ಕೀ ಹಿಡಿದು ಕೂತುಬಿಡುತ್ತಾರೆ, ಮಕ್ಕಳು ನೋಡುಗರಾಗುತ್ತಾರೆ.

ವೈ ಅಕ್ಷದಲ್ಲಿ ಫ್ರೇಮಿನ ಎರಡೂ ಬದಿಗೆ ಅಲ್ಯೂಮಿನಿಯಂ ತೊಲೆಗಳನ್ನು ಎಂ5 ಸ್ಕ್ರೂಗಳಿಂದ ಬಿಗಿಯುತ್ತೇವೆ. ಇಲ್ಲಿ ಎಲ್ಲವನ್ನೂ ಮೊದಲು ಸಡಿಲವಾಗಿ ಹಾಕಿ, ಯಂತ್ರವನ್ನು ಸಮತಟ್ಟಾದ ಮೇಜಿನ ಮೇಲಿಟ್ಟು, ನಾಲ್ಕು ಮೂಲೆಯನ್ನೂ ಒಂದೊಂದಾಗಿ ಒತ್ತಿ ನೋಡಬೇಕು. ಯಾವುದಾದರೂ ಮೂಲೆ ಕುಣಿದರೆ ಸ್ಕ್ರೂ ಸಡಿಲಿಸಿ, ಫ್ರೇಮನ್ನು ಮೇಜಿಗೆ ಒತ್ತಿ ಹಿಡಿದು, ಕರ್ಣದ ದಿಕ್ಕಿನಲ್ಲಿ ಮತ್ತೆ ಬಿಗಿಯುವುದು. ಬಟ್ಟೆ ತೆಗೆಯಬೇಕು ಎಂದದ್ದು ಇದಕ್ಕೇ. ಮೇಜೇ ಡೊಂಕಾಗಿದ್ದರೆ ಫ್ರೇಮ್ ಆ ಡೊಂಕನ್ನೇ ಕಲಿಯುತ್ತದೆ, ಮರುದಿನ ಕ್ಯಾಲಿಬ್ರೇಶನ್‌ನಲ್ಲಿ ಅಕ್ಷಗಳು ಓರೆಯಾಗಿವೆ ಎಂದು ಪರದೆ ಹೇಳುತ್ತದೆ. ಮಡಚುವ ಪ್ಲಾಸ್ಟಿಕ್ ಮೇಜುಗಳನ್ನು ಬಾಡಿಗೆಗೆ ತರುವವರು ಒಂದಾದರೂ ಗ್ರಾನೈಟ್ ಚಪ್ಪಡಿ ಅಥವಾ ದಪ್ಪ ಗಾಜಿನ ಹಲಗೆ ಹಾಲ್‌ನಲ್ಲಿಟ್ಟು, ಎಲ್ಲ ಕುಟುಂಬಗಳೂ ಅದರ ಮೇಲೆ ತಮ್ಮ ಫ್ರೇಮ್ ಪರೀಕ್ಷಿಸುವಂತೆ ಮಾಡಲಿ.

ಈ ಅಧ್ಯಾಯದಲ್ಲೇ ಇನ್ನೊಂದು ಬಲೆ ಇದೆ. ನುಣುಪು ಕಂಬಿಗಳು ಮೂರು ಜೊತೆ: ಎಕ್ಸ್‌ಗೆ 370 ಮಿ.ಮೀ., ವೈಗೆ 330, ಝಡ್‌ಗೆ 320. ಕೊನೆಯ ಎರಡರ ನಡುವೆ ಹತ್ತೇ ಮಿಲಿಮೀಟರ್ ವ್ಯತ್ಯಾಸ. ಕಣ್ಣಳತೆಗೆ ಒಂದೇ ಥರ ಕಾಣುತ್ತವೆ. 320ರ ಕಂಬಿ ವೈಗೆ ಹೋದರೆ ಹೋಲ್ಡರಿನಲ್ಲಿ ಸರಿಯಾಗಿ ಕೂರದೆ ಅಲುಗಾಡುತ್ತದೆ. ತಪ್ಪು ಗೊತ್ತಾಗುವುದು ಝಡ್ ಕಟ್ಟುವಾಗ, ಅಂದರೆ ಎರಡು ಅಧ್ಯಾಯ ಕಳೆದ ಮೇಲೆ. ಆರು ಕಂಬಿಗಳನ್ನೂ ಮೇಜಿನ ಅಂಚಿಗೆ ತಾಗಿಸಿ ಸಾಲಾಗಿ ನಿಲ್ಲಿಸಿದರೆ ಜೊತೆಗಳು ತಾವಾಗಿ ಬೇರೆಯಾಗುತ್ತವೆ. ಅಳೆದು, ತುದಿಗೆ ಬಣ್ಣದ ಕಾಗದ ಸುತ್ತಿಡುವ ಕೆಲಸ ಕುಟುಂಬದ ಅತಿ ಚಿಕ್ಕ ಸದಸ್ಯರಿಗೆ ಇರಲಿ.

ಬೇರಿಂಗಿನೊಳಗೆ ಕಂಬಿ ತೂರಿಸುವಾಗ ನೇರವಾಗಿ, ನಿಧಾನವಾಗಿ ತಳ್ಳಬೇಕು. ಓರೆಯಾಗಿ ಚುಚ್ಚಿದರೆ ಒಳಗಿನ ಸಣ್ಣ ಗುಂಡುಗಳು ಉದುರುತ್ತವೆ. ಒಂದೆರಡು ಉದುರಿದರೆ ಯಂತ್ರಕ್ಕೇನೂ ಆಗದು. ಅದಕ್ಕಿಂತ ಹೆಚ್ಚಾದರೆ ಬೇರಿಂಗ್ ಬದಲಿಸಿ. ಎಲ್‌ಎಂ8ಯುಯು ಎಂಬುದು ಎಲ್ಲ ಕಡೆ ಸಿಗುವ ಸಾಮಾನ್ಯ ಬೇರಿಂಗ್, ಆರು ಹೆಚ್ಚುವರಿ ಇಟ್ಟುಕೊಂಡರೆ ಎಂಟು ಮೇಜಿಗೆ ಸಾಕು.

ಎಕ್ಸ್ ಅಕ್ಷದಲ್ಲಿ ಮಕ್ಕಳ ಸಣ್ಣ ಬೆರಳುಗಳಿಗೆ ನಿಜವಾದ ಕೆಲಸವಿದೆ. ಪ್ಲಾಸ್ಟಿಕ್ ಭಾಗದ ಸೀಳಿನೊಳಗೆ ಚೌಕ ನಟ್ ಇಳಿಸಿ, ತೂತಿಗೆ ನೇರ ಬರುವ ತನಕ ಅಲೆನ್ ಕೀಯಿಂದ ತಳ್ಳುವುದು. ಆರು ಮೂಲೆಯ ನಟ್ ತನ್ನ ಗೂಡಿನಲ್ಲಿ ಕೂರದಿದ್ದರೆ ಸುತ್ತಿಗೆ ಹುಡುಕಬೇಡಿ. ಎದುರು ಬದಿಯಿಂದ ಉದ್ದದ ಸ್ಕ್ರೂ ಹಾಕಿ ತಿರುಗಿಸಿದರೆ ಅದೇ ನಟ್ಟನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಆಮೇಲೆ ಸ್ಕ್ರೂ ತೆಗೆದರಾಯಿತು. ಈ ಉಪಾಯವನ್ನು ಮೊದಲೇ ಎಲ್ಲರಿಗೂ ಒಮ್ಮೆ ಮಾಡಿ ತೋರಿಸಿದರೆ ಬಿರುಕು ಬಿಟ್ಟ ಪ್ಲಾಸ್ಟಿಕ್ಕಿನ ಲೆಕ್ಕ ಅರ್ಧಕ್ಕಿಳಿಯುತ್ತದೆ.

ಪುಲ್ಲಿಯ ವಿಚಾರದಲ್ಲಿ ಮಾತ್ರ ಸಹಾಯಕರೇ ಪ್ರತಿ ಮೇಜಿಗೂ ಹೋಗಿ ನೋಡಬೇಕು. ಮೋಟಾರ್ ಶಾಫ್ಟಿನ ಒಂದು ಬದಿ ಚಪ್ಪಟೆಯಾಗಿ ಸೀಳಿದಂತಿರುತ್ತದೆ. ಪುಲ್ಲಿಯ ಎರಡು ಗ್ರಬ್ ಸ್ಕ್ರೂಗಳಲ್ಲಿ ಒಂದು ಆ ಚಪ್ಪಟೆಯ ಮೇಲೆಯೇ ಕೂತು ಬಿಗಿಯಾಗಬೇಕು. ಉರುಟು ಭಾಗದ ಮೇಲೆ ಬಿಗಿದದ್ದು ಆ ದಿನ ಗಟ್ಟಿ ಎನಿಸುತ್ತದೆ. ಅಚ್ಚು ಶುರುವಾಗಿ ಸ್ವಲ್ಪ ಹೊತ್ತಾದ ಮೇಲೆ ಜಾರಿ, ಪದರಗಳು ಒಂದು ಬದಿಗೆ ಸರಿದುಬಿಡುತ್ತವೆ. ಬೆಲ್ಟ್ ಬಿಗಿಯಲ್ಲೂ ಹದ ಬೇಕು. ಈ ಯಂತ್ರದಲ್ಲಿ ಎಕ್ಸ್ ಮತ್ತು ವೈಗೆ ಅಂಚಿನ ಸ್ವಿಚ್ಚುಗಳೇ ಇಲ್ಲ, ತುದಿಗೆ ಡಿಕ್ಕಿ ಹೊಡೆದಾಗ ಮೋಟಾರಿನ ಮೇಲೆ ಬೀಳುವ ಹೊರೆಯಿಂದಲೇ ಯಂತ್ರ ನಿಯಂತ್ರಿಸುವ ಬೋರ್ಡ್ ಅದನ್ನು ಗುರುತಿಸುತ್ತದೆ. ಬೆಲ್ಟ್ ತೀರ ಸಡಿಲವಾದರೂ ತೀರ ಬಿಗಿಯಾದರೂ ಆ ಗುರುತಿಸುವಿಕೆಯೇ ಕೆಡುತ್ತದೆ. ಪರದೆಯ ಮೆನುವಿನಲ್ಲಿ ಬೆಲ್ಟ್ ಸ್ಥಿತಿ ಎಂಬ ಸಂಖ್ಯೆ ಇದೆ. 240ರ ಆಸುಪಾಸು, ಮೇಲೆ ಕೆಳಗೆ 40ರೊಳಗೆ ಇದ್ದರೆ ಸರಿ. ಮಕ್ಕಳು ಈ ಸಂಖ್ಯೆಯನ್ನು ಪಕ್ಕದ ಮೇಜಿನವರ ಸಂಖ್ಯೆಯ ಜೊತೆ ಹೋಲಿಸಲು ಶುರು ಮಾಡುತ್ತಾರೆ, ಮಾಡಲಿ.

ಝಡ್ ಸುಲಭ. ಎಲ್‌ಸಿಡಿಯೂ ಸುಲಭ. ಅದರ ಎರಡು ಚಪ್ಪಟೆ ಕೇಬಲ್‌ಗಳಲ್ಲಿ ಯಾವುದು ಯಾವ ಸಾಕೆಟ್ಟಿಗೆ ಎಂಬುದನ್ನು ಗುರುತು ನೋಡಿ ಹಾಕಿದರೆ ಸಾಕು. ಅದಲುಬದಲಾದರೆ ಮರುದಿನ ಪರದೆ ಬೆಳಗುತ್ತದೆ, ಅಕ್ಷರ ಮೂಡುವುದಿಲ್ಲ.

ಇನ್ನು ಎಕ್ಸ್‌ಟ್ರೂಡರ್. ಕಾರ್ಯಾಗಾರ ಕೆಡುವುದಿದ್ದರೆ ಇಲ್ಲೇ ಕೆಡುತ್ತದೆ. ಆದ್ದರಿಂದ ಉಳಿದ ಅಧ್ಯಾಯಗಳಂತೆ ಕುಟುಂಬಗಳನ್ನು ಅವರ ಪಾಡಿಗೆ ಬಿಡದೆ, ಮುಂದೆ ದೊಡ್ಡ ಪರದೆ ಹಾಕಿ ಎಲ್ಲರೂ ಒಂದೇ ಹೆಜ್ಜೆಯಲ್ಲಿ ಸಾಗುವಂತೆ ನಡೆಸಬೇಕು. ಕೈಯಗಲದ ಜಾಗದಲ್ಲಿ ಮೋಟಾರ್, ಪ್ಲಾಸ್ಟಿಕ್ ಕರಗಿಸುವ ಹಾಟೆಂಡ್, ಎರಡು ಫ್ಯಾನ್, ಫಿಲಮೆಂಟ್ (ಪ್ಲಾಸ್ಟಿಕ್ ಎಳೆ) ಸೆನ್ಸರ್, ಬೆಡ್ ಹುಡುಕುವ ಸೂಪರ್‌ಪಿಂಡಾ ಸೆನ್ಸರ್, ಇವೆಲ್ಲದರ ವೈರುಗಳು. ಪ್ಲಾಸ್ಟಿಕ್ ದೇಹದ ಎರಡು ಹೋಳು ಮುಚ್ಚುವಾಗ ಯಾವುದೋ ಒಂದು ವೈರು ನಡುವೆ ಸಿಕ್ಕಿಬಿದ್ದರೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಒಂದು ನಿಯಮ ಮಾಡಿ: ಹೋಳು ಕೂಡಿಸಿ ಬೆರಳಲ್ಲೇ ಒತ್ತಿದಾಗ ಸಂದು ಪೂರ್ತಿ ಮುಚ್ಚಬೇಕು. ಸ್ಕ್ರೂ ಬಿಗಿದರೆ ಮುಚ್ಚಿಕೊಳ್ಳುತ್ತದೆ ಎನಿಸಿದರೆ ಒಳಗೆ ವೈರು ಇದೆ ಎಂದೇ ಅರ್ಥ. ಬಿಚ್ಚಿ ನೋಡಿ.

ಫಿಲಮೆಂಟ್ ಸೆನ್ಸರ್ ಕೂಡ ಹೀಗೇ ಕಾಡುತ್ತದೆ. ಫಿಲಮೆಂಟ್ ಒಳಬಂದಾಗ ಒಂದು ಉಕ್ಕಿನ ಗುಂಡು ಪಕ್ಕಕ್ಕೆ ಸರಿದು ಪುಟ್ಟ ಸನ್ನೆಯನ್ನು ತಳ್ಳುತ್ತದೆ, ಸನ್ನೆ ಸೆನ್ಸರಿನ ಬೆಳಕಿನ ದಾರಿಯನ್ನು ಬದಲಿಸುತ್ತದೆ. ಸನ್ನೆಯನ್ನು ವಾಪಸ್ ತರುವುದು ಸ್ಪ್ರಿಂಗ್ ಅಲ್ಲ, ಎದುರುಬದುರಾದ ಎರಡು ಆಯಸ್ಕಾಂತಗಳು. ಅವು ಒಂದನ್ನೊಂದು ದೂಡಬೇಕು. ಒಂದನ್ನು ತಿರುಗಿಸಿ ಹಾಕಿದರೆ ಸೆಳೆದು ಅಂಟಿಕೊಳ್ಳುತ್ತವೆ, ಆಮೇಲೆ ಪ್ರಿಂಟರಿಗೆ ಫಿಲಮೆಂಟ್ ಇದೆಯೋ ಇಲ್ಲವೋ ತಿಳಿಯದು. ಒಳಗೆ ತಳ್ಳುವ ಮೊದಲು ಎರಡನ್ನೂ ಬೆರಳ ತುದಿಯಲ್ಲಿ ಹಿಡಿದು ದೂಡುವ ಮುಖಕ್ಕೆ ಮಾರ್ಕರಿನಿಂದ ಚುಕ್ಕೆ ಇಡಿ. ಇದೇ ಆಯಸ್ಕಾಂತಗಳ ಬಗ್ಗೆ ಇನ್ನೊಂದು ಮಾತು, ಇದು ತಮಾಷೆಯದಲ್ಲ. ಮಗು ಒಂದಕ್ಕಿಂತ ಹೆಚ್ಚು ನುಂಗಿದರೆ ಕರುಳಿನ ಗೋಡೆಯ ಮೂಲಕವೇ ಅವು ಒಂದನ್ನೊಂದು ಹಿಡಿದುಕೊಂಡು ಪ್ರಾಣಕ್ಕೇ ಕುತ್ತು ತರಬಹುದು. ತಮ್ಮಂದಿರು ತಂಗಿಯರು ಜೊತೆಗೆ ಬರುವ ಕಾರ್ಯಾಗಾರದಲ್ಲಿ ಆಯಸ್ಕಾಂತದ ಚೀಲ ಸಹಾಯಕರ ಬಳಿಯೇ ಇರಲಿ, ಆ ಹೆಜ್ಜೆ ಬಂದಾಗ ಎಣಿಸಿ ಕೊಡಿ.

ಸ್ಕ್ರೂಗಳನ್ನು ಪ್ಲಾಸ್ಟಿಕ್ಕಿಗೆ ಬಿಗಿಯುವಾಗ ಕೀಯ ಉದ್ದದ ತೋಳು ಸ್ಕ್ರೂ ಕಡೆ, ಗಿಡ್ಡ ತೋಳು ಬೆರಳ ಕಡೆ. ಆಗ ಅತಿಯಾದ ಬಲ ಹಾಕಲು ಆಗುವುದೇ ಇಲ್ಲ. ಇಷ್ಟಾದರೂ ಎಂಟು ಮೇಜಿನಲ್ಲಿ ಒಂದೆರಡು ಎಕ್ಸ್‌ಟ್ರೂಡರ್ ದೇಹ ಬಿರುಕು ಬಿಡುವುದು ಸಾಮಾನ್ಯ. ಈ ಭಾಗಗಳ ಫೈಲುಗಳು ಮುಕ್ತವಾಗಿಯೇ ಸಿಗುತ್ತವೆ, ಪಿಇಟಿಜಿಯಲ್ಲಿ ಎರಡು ಸೆಟ್ ಮೊದಲೇ ಅಚ್ಚು ಹಾಕಿಟ್ಟುಕೊಳ್ಳಿ. ಪಿಎಲ್‌ಎ ಎಂಬ ಇನ್ನೊಂದು ಪ್ಲಾಸ್ಟಿಕ್ಕಿನಲ್ಲಿ ಹಾಕಬೇಡಿ, ಹಾಟೆಂಡಿನ ಬಿಸಿಗೆ ಮೆತ್ತಗಾಗುತ್ತದೆ. ಹೆಚ್ಚುವರಿ ಸಾಮಾನಿನ ಪೆಟ್ಟಿಗೆಯಲ್ಲಿ ಇದರ ಜೊತೆ ಎರಡು ಹಾಟೆಂಡ್ ಥರ್ಮಿಸ್ಟರ್ (ಶಾಖ ಅಳೆಯುವ ಸೆನ್ಸರ್), ಒಂದು ಹೀಟರ್, ಎರಡೂ ಬಗೆಯ ಫ್ಯಾನ್ ಒಂದೊಂದು, ಒಂದು ಫಿಲಮೆಂಟ್ ಸೆನ್ಸರ್, ಒಂದು ಸೂಪರ್‌ಪಿಂಡಾ, ಫ್ಯೂಸುಗಳು, ಐವತ್ತರಷ್ಟು ಎಂ3 ಚೌಕ ನಟ್, ಅಷ್ಟೇ ಆರುಮೂಲೆಯವು, ನೂರು ಜಿಪ್ ಟೈ.

ವೈರಿಂಗ್ ಅಧ್ಯಾಯದಲ್ಲಿ ಮುಖ್ಯ ವಿದ್ಯುತ್ತಿನ ಭಯ ಹೆಚ್ಚಿಲ್ಲ, ಕಪ್ಪು ವಿದ್ಯುತ್ ಪೆಟ್ಟಿಗೆಯ ಒಳಭಾಗ ಮುಚ್ಚಿಯೇ ಬರುತ್ತದೆ. ಅದನ್ನು ಯಾರೂ ತೆರೆಯಬಾರದು. 24 ವೋಲ್ಟ್ ಕಡೆಯ ಕೆಂಪು, ಕಪ್ಪು ತಂತಿಗಳನ್ನು ಬೋರ್ಡಿನ ಟರ್ಮಿನಲ್ಲಿಗೆ ಸ್ಕ್ರೂ ಮಾಡುವ ಹೆಜ್ಜೆಯಲ್ಲಿ ಮಾತ್ರ ಸಹಾಯಕರೊಬ್ಬರು ಪ್ರತಿ ತಂತಿಯನ್ನೂ ಹಿಡಿದು ಎಳೆದು ನೋಡಲಿ. ಬೆಡ್ಡಿಗೆ ಹೋಗುವ ಕರೆಂಟು ದೊಡ್ಡದು. ಟರ್ಮಿನಲ್ ಸಡಿಲವಾಗಿದ್ದರೆ ಅಲ್ಲೇ ಕಾದು ಪ್ಲಾಸ್ಟಿಕ್ ಸುಡುತ್ತದೆ. ಧನ ಋಣ ಅದಲುಬದಲಾದರೆ ಬೋರ್ಡೇ ಹೋಗಬಹುದು. ಸಹಾಯಕರು ನೋಡಿ ಸಹಿ ಹಾಕದ ಯಂತ್ರಕ್ಕೆ ಪ್ಲಗ್ ಇಲ್ಲ ಎಂಬ ನಿಯಮ ಎಲ್ಲರಿಗೂ ಅರ್ಥವಾಗುತ್ತದೆ, ಯಾರಿಗೂ ಬೇಸರವಾಗುವುದಿಲ್ಲ.

ಹಾಲ್‌ನ ವಿದ್ಯುತ್ ಲೆಕ್ಕವನ್ನೂ ಮೊದಲೇ ಹಾಕಿ. ಒಂದೊಂದು ಪೆಟ್ಟಿಗೆ 240 ವ್ಯಾಟ್, ಎಂಟಕ್ಕೆ 1,920 ವ್ಯಾಟ್. 230 ವೋಲ್ಟ್ ಇರುವಲ್ಲಿ ಎಂಟೂಕಾಲು ಆಂಪಿಯರ್ ದಾಟುತ್ತದೆ, 115 ವೋಲ್ಟ್ ಇರುವಲ್ಲಿ ಹದಿನೇಳರ ಹತ್ತಿರ ಹೋಗುತ್ತದೆ. ಅಚ್ಚು ಹಾಕುವಾಗ ಇದರ ಅರ್ಧವೂ ಬೇಕಾಗುವುದಿಲ್ಲ, ಆದರೆ ಬೆಡ್ ಕಾಯಿಸುವ ಮೊದಲ ಕೆಲ ನಿಮಿಷ ಎಲ್ಲ ಯಂತ್ರಗಳೂ ಒಟ್ಟಿಗೆ ಎಳೆಯುತ್ತವೆ. ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಎಂಟನ್ನೂ ಚುಚ್ಚಿ ಒಟ್ಟಿಗೆ ಬಿಸಿ ಮಾಡಿದರೆ ಹಾಲ್ ಕತ್ತಲಾಗುತ್ತದೆ. ಎರಡು ಮೂರು ಬೇರೆ ಬೇರೆ ಸರ್ಕ್ಯೂಟಿಗೆ ಹಂಚಿ, ಮೂರು ನಿಮಿಷದ ಅಂತರದಲ್ಲಿ ಕಾಯಿಸಲು ಶುರು ಮಾಡಿ.

ಪ್ಲಗ್ ಹಾಕಿದ ಮೇಲೆ ಪರದೆಯೇ ದಾರಿ ತೋರಿಸುತ್ತದೆ. ಫ್ಯಾನ್, ಅಕ್ಷಗಳು, ಹೀಟರ್, ಎಲ್ಲವನ್ನೂ ತಾನೇ ಪರೀಕ್ಷಿಸುತ್ತದೆ. ಇಲ್ಲಿ ಬರುವ ಸಂದೇಶಗಳನ್ನು ಓದಲು ಕಲಿತರೆ ಅರ್ಧ ರೋಗಕ್ಕೆ ಮದ್ದು ಸಿಕ್ಕಂತೆ. ಮಿನ್‌ಟೆಂಪ್ ಎಂದು ಬಂದರೆ ಥರ್ಮಿಸ್ಟರ್ ತಂತಿ ಎಲ್ಲೋ ಕಡಿದಿದೆ ಅಥವಾ ಕನೆಕ್ಟರ್ ಕೂತಿಲ್ಲ. ಮ್ಯಾಕ್ಸ್‌ಟೆಂಪ್ ಎಂದರೆ ತಂತಿಗಳು ಒಂದಕ್ಕೊಂದು ತಾಗಿವೆ. ಎರಡರಲ್ಲೂ ಮೊದಲು ನೋಡಬೇಕಾದದ್ದು ಬೋರ್ಡಿನ ಕನೆಕ್ಟರ್, ಆಮೇಲೆ ಎಕ್ಸ್‌ಟ್ರೂಡರಿನ ಆ ಮುಚ್ಚಿದ ಸಂದು. ಹೀಟರ್ ಮತ್ತು ಥರ್ಮಿಸ್ಟರ್ ಪರೀಕ್ಷಿಸಿ ಎಂದರೆ ಬೆಡ್ಡಿನ ಥರ್ಮಿಸ್ಟರ್ ಹಾಟೆಂಡಿನ ಸಾಕೆಟ್ಟಿಗೆ ಹೋಗಿದೆಯೇ ನೋಡಿ: ಒಂದನ್ನು ಕಾಯಿಸಿದರೆ ಇನ್ನೊಂದರ ಅಂಕಿ ಏರುತ್ತಿರುತ್ತದೆ.

ಎಕ್ಸ್‌ವೈಝಡ್ ಕ್ಯಾಲಿಬ್ರೇಶನ್ ಶುರು ಮಾಡುವ ಮೊದಲು ಬೆಡ್ ಮೇಲಿನ ಉಕ್ಕಿನ ಹಾಳೆ ತೆಗೆಯಬೇಕು. ಪರದೆ ಕೇಳುತ್ತದೆ, ಆದರೆ ಉತ್ಸಾಹದಲ್ಲಿ ಯಾರೂ ಓದುವುದಿಲ್ಲ. ಝಡ್ ಮೇಲಕ್ಕೆ ಹೋಗಿ ತುದಿಗೆ ತಾಗಿದಾಗ ಗರ್ರೆಂದು ಸದ್ದು ಬರುತ್ತದೆ, ಅದು ಸರಿಯಾದ ಸದ್ದು, ಎರಡೂ ಬದಿ ಸಮಕ್ಕೆ ಬರುತ್ತಿವೆ ಎಂದರ್ಥ. ಮೊದಲೇ ಹೇಳಿರದಿದ್ದರೆ ಗಾಬರಿಯಲ್ಲಿ ಸ್ವಿಚ್ ಆರಿಸುತ್ತಾರೆ. ನಿಜಕ್ಕೂ ಆರಿಸಬೇಕಾದ ಹೊತ್ತು ಬೇರೆ: ಪರೀಕ್ಷೆಗೆಂದು ನಾಜಲ್ ಕೆಳಗೆ ಹಿಡಿದ ಕಾಗದವನ್ನು ಅದು ಕಚ್ಚಿಕೊಂಡರೆ. ಆಗ ಸೂಪರ್‌ಪಿಂಡಾ ಹೆಚ್ಚು ಮೇಲಿದೆ. ನಾಜಲ್ಲನ್ನು ಬೆಡ್ಡಿಗೆ ತಾಗುವಷ್ಟು ಇಳಿಸಿ, ಸೆನ್ಸರಿನ ಕೆಳಗೆ ಒಂದು ಜಿಪ್ ಟೈ ದಪ್ಪದ ಸಂದು ಇರುವಂತೆ ಮತ್ತೆ ಕೂರಿಸಿ.

ಕೊನೆಯದು ಮೊದಲ ಪದರ. ಪ್ರಿಂಟರ್ ಅಂಕುಡೊಂಕು ಗೆರೆ ಎಳೆಯುತ್ತ ಹೋಗುವಾಗ ಗುಂಡಿ ತಿರುಗಿಸಿ ನಾಜಲ್ಲನ್ನು ಕೂದಲೆಳೆಯಷ್ಟೇ ಇಳಿಸಬೇಕು, ಏರಿಸಬೇಕು. ಗೆರೆ ದುಂಡಗೆ ನಿಂತು ಬೆರಳು ತಾಗಿದರೆ ಎದ್ದುಬಂದರೆ ನಾಜಲ್ ಮೇಲಿದೆ. ಮಧ್ಯ ತೆಳುವಾಗಿ, ಬೆಡ್ ಕಾಣುವಷ್ಟು ಒತ್ತಿ, ಅಂಚು ಉಬ್ಬಿದರೆ ಕೆಳಗಿದೆ. ಚಪ್ಪಟೆಯಾಗಿ ಪಕ್ಕದ ಗೆರೆಗೆ ಬೆಸೆದುಕೊಂಡರೆ ಹದ. ಇದಕ್ಕೆ ಮುಂಚೆ ಹಾಳೆಯನ್ನು 90ಕ್ಕಿಂತ ಹೆಚ್ಚು ಶೇಕಡಾವಾರಿನ ಐಸೋಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಲೇಬೇಕು. ಎರಡು ದಿನದಿಂದ ಹತ್ತಾರು ಕೈ ಮುಟ್ಟಿರುವ ಹಾಳೆಗೆ ಪದರ ಹಿಡಿಯದಿದ್ದರೆ ಅದು ಕ್ಯಾಲಿಬ್ರೇಶನ್ನಿನ ತಪ್ಪಲ್ಲ, ಬೆರಳಿನ ಜಿಡ್ಡು. ಎಲ್ಲರಿಗೂ ಪಿಎಲ್‌ಎ ಕೊಡಿ, ನಾಜಲ್ 215, ಬೆಡ್ 60 ಡಿಗ್ರಿ. ಪಿಇಟಿಜಿ ಕೇಳುವವರಿಗೆ ಈ ನುಣುಪು ಹಾಳೆಯ ಮೇಲೆ ಅದು ಬಿಡಿಸಲಾರದಂತೆ ಅಂಟುತ್ತದೆ ಎಂದು ಹೇಳಿ ಮುಂದೂಡಿ. ಮೊದಲ ಅಚ್ಚು ಅರ್ಧ ಗಂಟೆ ಮೀರಬಾರದು. ಹೆಸರಿನ ಫಲಕ ಅಥವಾ ಪೀಪಿ ಸಾಕು. ನಾಜಲ್ ಮುಟ್ಟಬಾರದು ಎಂದು ಬಾಯಲ್ಲಿ ಹೇಳಿದರೆ ಸಾಲದು, ಆ ಹೊತ್ತಿನಲ್ಲಿ ಮಕ್ಕಳು ಮೇಜಿನಿಂದ ಒಂದು ತೋಳಿನಷ್ಟು ದೂರ.

ಅಂಕ ಕೊಡುವುದಾದರೆ ಕೈಪಿಡಿಗೆ ಪೂರ್ತಿ, ಬಿಡಿಭಾಗಗಳ ಗುಣಮಟ್ಟಕ್ಕೂ ಪೂರ್ತಿ. ಎಕ್ಸ್‌ಟ್ರೂಡರಿನ ಇಕ್ಕಟ್ಟಿಗೆ ಕಡಿತ ಇದ್ದೇ ಇದೆ: ಬಿಚ್ಚದೆ ಒಳಗಿನ ತಪ್ಪು ನೋಡಲು ದಾರಿಯೇ ಇಲ್ಲದ ವಿನ್ಯಾಸ ಕಲಿಯುವವರಿಗೆ ದಯೆ ತೋರುವುದಿಲ್ಲ. ಮಕ್ಕಳಿಗೆ ಹತ್ತು ವರ್ಷ ತುಂಬಿದ್ದರೆ ಒಳ್ಳೆಯದು, ಎಂಟಾದರೆ ದೊಡ್ಡವರು ಪಕ್ಕದಲ್ಲೇ ಇರಬೇಕು, ಅದಕ್ಕಿಂತ ಚಿಕ್ಕವರಿಗೆ ಇದು ಹೇಳಿ ಮಾಡಿಸಿದ್ದಲ್ಲ.

ಮನೆಗೆ ಒಯ್ಯುವಾಗ ಯಂತ್ರವನ್ನು ಎತ್ತಬೇಕಾದದ್ದು ಅಲ್ಯೂಮಿನಿಯಂ ಫ್ರೇಮ್ ಹಿಡಿದು. ಅಡ್ಡ ಕಂಬಿಗಳನ್ನು ಹಿಡಿದು ಎತ್ತಿದರೆ ಆಗಷ್ಟೇ ಸಿಕ್ಕ ಕ್ಯಾಲಿಬ್ರೇಶನ್ ದಾರಿಯಲ್ಲೇ ಹೋಗುತ್ತದೆ. ಉಕ್ಕಿನ ಹಾಳೆ ತೆಗೆದು ಬೇರೆ ಲಕೋಟೆಯಲ್ಲಿಡಿ, ಬೆಡ್ ಹಿಂದೆ ಮುಂದೆ ಓಡದಂತೆ ಫ್ರೇಮಿಗೆ ಕಟ್ಟಿ, ಉಳಿದ ನಟ್ ಸ್ಕ್ರೂ ಮತ್ತು 1.5, 2.5 ಮಿ.ಮೀ. ಕೀಗಳನ್ನು ಚೀಲದಲ್ಲಿ ಹಾಕಿ ಕೊಡಿ. ಮನೆಯಲ್ಲಿ ಪ್ಲಗ್ ಹಾಕಿದ ಮೇಲೆ ಮೊದಲು ಮೊದಲ ಪದರದ ಪರೀಕ್ಷೆ ಇನ್ನೊಮ್ಮೆ, ಕೆಲವು ಅಚ್ಚುಗಳಾದ ಮೇಲೆ ಪುಲ್ಲಿಯ ಗ್ರಬ್ ಸ್ಕ್ರೂ ಮತ್ತು ಬೋರ್ಡಿನ ವಿದ್ಯುತ್ ಟರ್ಮಿನಲ್ ಇನ್ನೊಮ್ಮೆ. ಟರ್ಮಿನಲ್ ಮುಟ್ಟುವಾಗ ಪ್ಲಗ್ ಕಿತ್ತಿರಬೇಕು ಎಂದು ಚೀಲದ ಮೇಲೆಯೇ ಬರೆದು ಅಂಟಿಸಿ.